ನನ್ನ ಗಂಡ ಕೆತ್ತಿದ ಬೆಣೆ

ನನ್ನ ಗಂಡನ ಕೈಗೆ ಒಂದು ಚಾಕು, ಒಂದು ಮರದ ಚೂರು ಕೊಟ್ಟು ಕೂರಿಸಿಬಿಟ್ಟರೆ ಅವರಿಗೆ ಹೆಂಡತಿಯೂ ಬೇಡ, ಊಟವೂ ಬೇಡ. ಬಡಗಿಯ ಮನೆಯಲ್ಲಿ ಹುಟ್ಟಿದವರು. ಇಷ್ಟು ದೂರ ಬಂದು ಕಬ್ಬಿಣದ ಕಾರ್ಖಾನೆ ಸೇರಿದರೂ ಆ ಸುದ್ದಿ ಅವರ ಬೆರಳುಗಳಿಗೆ ಇನ್ನೂ ಮುಟ್ಟಿರಲಿಲ್ಲ. ಮಾಲು ಬರುವ ಪೆಟ್ಟಿಗೆಗಳ ಮುರಿದ ಹಲಗೆಯನ್ನು ರೂಮಿಗೆ ತರುವುದು, ಕಿಟಕಿಯ ಕೆಳಗೆ ಕೂತು ಕೆರೆಯುವುದು, ಇದೇ ಅವರ ಭಾನುವಾರ. ನಮ್ಮ ಒಂದೇ ಕೋಣೆಯಲ್ಲಿ ಅಲುಗಾಡುವ ವಸ್ತು ಅಂತ ಒಂದೂ ಉಳಿದಿರಲಿಲ್ಲ. ಒಲೆ ಇಟ್ಟ ಮೇಜಿನ ಕುಂಟು ಕಾಲಿಗೆ ಬೆಣೆ, ಗಾಳಿಗೆ ಬಡಿಯುವ ಕಿಟಕಿಗೆ ಬೆಣೆ, ಮಂಚದ ಸಂದಿಗೆ ಬೆಣೆ. "ನಿಮ್ಮ ಬಾಯಿಗೂ ಒಂದು ಮಾಡ್ಕೊಳ್ಳಿ, ಗೊರಕೆಯಾದರೂ ನಿಲ್ಲುತ್ತೆ" ಅಂತ ನಾನು ಹೇಳುತ್ತಿದ್ದೆ. ಅವರು ನಗುತ್ತಿದ್ದರು, ಚಾಕು ಮಾತ್ರ ನಿಲ್ಲುತ್ತಿರಲಿಲ್ಲ.

ಕಾರ್ಖಾನೆಯಲ್ಲೂ ಅವರ ಹೆಸರು ಬೆಣೆ ಅಂತಲೇ. ಅದು ಯಾಕೆ ಬಂತು ಅಂತ ಹೇಳಬೇಕಾದರೆ ಅಲ್ಲಿನ ಯಂತ್ರದ ವಿಷಯ ಹೇಳಬೇಕು.

ನಾವು ಮೂವರೂ ಒಂದೇ ಕಡೆ ಕೆಲಸಕ್ಕಿದ್ದೆವು. ಬಾಗಿಲು, ಕಿಟಕಿಗಳ ಕೀಲು ತಯಾರಾಗುವ ಜಾಗ. ನನ್ನ ಗಂಡ, ನನ್ನ ತಮ್ಮ ಇಬ್ಬರೂ ಪ್ರೆಸ್ ವಿಭಾಗದಲ್ಲಿ, ನಾನು ಪ್ಯಾಕಿಂಗಿನಲ್ಲಿ. ಅವರು ಕತ್ತರಿಸಿದ ಕೀಲನ್ನು ನಾನು ಎಣ್ಣೆ ಒರೆಸಿ ಡಬ್ಬಕ್ಕೆ ತುಂಬುವುದು. ನಡುವೆ ಒಂದು ತಗಡಿನ ಗೋಡೆ, ಅದಕ್ಕೊಂದು ಬಾಗಿಲು, ಬಾಗಿಲಾಚೆ ನೆಲದ ಮೇಲೆ ಒಂದು ಹಳದಿ ಗೆರೆ. ಪ್ಯಾಕಿಂಗಿನ ಹೆಂಗಸರು ಆ ಗೆರೆ ದಾಟುವ ಹಾಗಿರಲಿಲ್ಲ.

ಪ್ರೆಸ್ ಯಂತ್ರಕ್ಕೆ ಎರಡು ಹಸಿರು ಗುಂಡಿ, ಎಡಕ್ಕೊಂದು ಬಲಕ್ಕೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಇಳಿದು ತಗಡನ್ನು ಕತ್ತರಿಸುತ್ತದೆ. ಎರಡೂ ಕೈಗೆ ಕೆಲಸ ಕೊಟ್ಟುಬಿಟ್ಟರೆ ಯಾವ ಕೈಯೂ ಅಚ್ಚಿನ ಕೆಳಗೆ ಇರುವುದಿಲ್ಲ ಅನ್ನುವುದು ಅದನ್ನು ಮಾಡಿದವನ ಲೆಕ್ಕಾಚಾರ. ಬುದ್ಧಿವಂತನೇ ಸರಿ, ಆದರೆ ಅವನು ಸಂಜೆಯೊಳಗೆ ಟಾರ್ಗೆಟ್ ಮುಟ್ಟಿಸಬೇಕಾದವನಲ್ಲವಲ್ಲ. ತಗಡು ಇಟ್ಟು, ಎರಡು ಕೈ ಹಿಂದಕ್ಕೆ ತಂದು, ಒತ್ತಿ, ಮತ್ತೆ ಕೈ ಹಾಕಿ ತೆಗೆಯುತ್ತಾ ಕೂತರೆ ಬೋರ್ಡಿನಲ್ಲಿ ಬರೆದ ಸಂಖ್ಯೆಯ ಹತ್ತಿರಕ್ಕೂ ಹೋಗಲಾಗುವುದಿಲ್ಲ. ಅದಕ್ಕೆ ಎಲ್ಲರೂ ಒಂದು ಉಪಾಯ ಮಾಡುತ್ತಿದ್ದರು. ಬಲಗುಂಡಿಯನ್ನು ಒತ್ತಿ ಹಿಡಿದು ಅದರ ಸಂದಿಗೆ ಬೆಂಕಿಕಡ್ಡಿಯೋ ರಟ್ಟಿನ ಚೂರೋ ತುರುಕಿಬಿಟ್ಟರೆ ಅದು ಒತ್ತಿದಂತೆಯೇ ಇರುತ್ತದೆ. ಆಮೇಲೆ ಎಡಗೈ ಒಂದೇ ಸಾಕು, ಬಲಗೈ ತಗಡು ಇಡಲು, ತೆಗೆಯಲು ಬಿಡುವಾಗುತ್ತದೆ.

ರಟ್ಟು ಸಡಿಲವಾಗಿ ಗಳಿಗೆಗೊಮ್ಮೆ ಬೀಳುತ್ತಿತ್ತು. ಅಲುಗಾಡುವುದನ್ನು ಕಂಡು ಸುಮ್ಮನಿರುವ ಜೀವವೇ ನನ್ನ ಗಂಡ? ಅಳತೆಗೆ ಸರಿಯಾಗಿ ಒಂದು ಮರದ ಬೆಣೆ ಕೆತ್ತಿದರು. ಒಂದು ಸಲ ಕೂರಿಸಿದರೆ ಸಂಜೆವರೆಗೆ ಮಿಸುಕುತ್ತಿರಲಿಲ್ಲ. ನೋಡಿದವರೆಲ್ಲ ತಮಗೂ ಬೇಕು ಅಂದರು. ಹೀಗೆ ಇಡೀ ಪ್ರೆಸ್ ವಿಭಾಗಕ್ಕೆ ಬೆಣೆ ಸರಬರಾಜಾಯಿತು, ಇವರಿಗೆ ಹೆಸರೂ ಬಂತು.

ಮೇಸ್ತ್ರಿಗೆ ಇದೆಲ್ಲ ಗೊತ್ತಿತ್ತು. ಹೊರಗಿನವರು ಯಾರಾದರೂ ಬಂದರೆ ಅವನು ಎರಡು ಸಲ ಚಪ್ಪಾಳೆ ತಟ್ಟುತ್ತಿದ್ದ, ಬೆಣೆಗಳೆಲ್ಲ ಜೇಬು ಸೇರುತ್ತಿದ್ದವು. ಅವನು ನಮ್ಮ ಕಡೆಯವನೇ, ನಮ್ಮನ್ನು ಕರೆತಂದವನೂ ಅವನೇ. ಇಲ್ಲಿನ ಭಾಷೆ ನಮಗೆ ಬರುವುದು ಬೈಗುಳ ಅರ್ಥವಾಗುವಷ್ಟು ಮಾತ್ರ. ಡಾಕ್ಟರ ಹತ್ತಿರ ಹೋಗಲಿ, ಮನೆ ಮಾಲೀಕನ ಹತ್ತಿರ ಹೋಗಲಿ, ಮೇಸ್ತ್ರಿಯೇ ನಮ್ಮ ಬಾಯಿ, ಅವನೇ ನಮ್ಮ ಕಿವಿ. ಅವನ ಬಲಗೈ ತೋರುಬೆರಳು ಅರ್ಧಕ್ಕೇ ಮುಗಿದಿತ್ತು. ಊರಲ್ಲಿ ಮರ ಕಡಿಯುವಾಗ ಹೋಯಿತು ಅನ್ನುತ್ತಿದ್ದ.

ನನ್ನ ತಮ್ಮ ನಮಗಿಂತ ತಡವಾಗಿ ಬಂದವನು. ಚಿಕ್ಕಂದಿನಿಂದಲೂ ಹಾಗೆ, ಚಪ್ಪಲಿ ಹಾಕುವ ಮುಂಚೆ ಒಳಗೆ ಏನಾದರೂ ಇದೆಯೇ ಅಂತ ಕೊಡವಿ ನೋಡುವವನು. ಯಂತ್ರದ ಮುಂದೆಯೂ ಎರಡೂ ಕೈ ಗುಂಡಿಯ ಮೇಲಿಟ್ಟೇ ಒತ್ತುತ್ತಿದ್ದ. ಅಲ್ಲಿನವರು ಅವನಿಗೆ ಆಮೆ ಅಂತ ಹೆಸರಿಟ್ಟರು. ಒಂದೇ ಮನೆಯಲ್ಲಿ ಒಬ್ಬ ಬೆಣೆ, ಒಬ್ಬ ಆಮೆ. ಇನ್ನು ನನಗೇನು ಇಡುತ್ತಾರೋ ಅಂತ ಕಾಯುತ್ತಿದ್ದೆ. ಮೇಸ್ತ್ರಿಗೆ ಮಾತ್ರ ತಮಾಷೆಯಾಗಿರಲಿಲ್ಲ. "ಹೀಗೇ ಆದರೆ ನಿನ್ನ ಬಾಮೈದನ್ನ ವಾಪಸ್ ಕಳಿಸಬೇಕಾಗುತ್ತೆ" ಅಂತ ನನ್ನ ಗಂಡನಿಗೆ ಹೇಳಿದ್ದ.

ಪ್ರೆಸ್ಸಿನ ಸದ್ದು ಗೋಡೆಯಾಚೆಯಿಂದ ಕೇಳಿ ಕೇಳಿ ಯಾವುದು ಯಾರ ಯಂತ್ರ ಅಂತ ನನಗೆ ತಿಳಿಯುತ್ತಿತ್ತು. ಎಲ್ಲರದೂ ಓಡುವ ಸದ್ದು. ತಮ್ಮನದು ಮಾತ್ರ ಧಡ್ ಅಂದು, ಸ್ವಲ್ಪ ಯೋಚನೆ ಮಾಡಿ, ಮತ್ತೆ ಧಡ್ ಅನ್ನುತ್ತಿತ್ತು. ಒಂದು ವಾರ ಅವನ ಯಂತ್ರವೂ ಓಡತೊಡಗಿತು. ಅಂತೂ ಕೆಲಸ ಕೈಗೆ ಹತ್ತಿತು ಅಂತ ನನಗೆ ಖುಷಿಯಾಯಿತು. ಪಕ್ಕದಲ್ಲಿ ಕೂತವಳಿಗೆ, "ಕೇಳು, ನಮ್ಮ ಆಮೆ ಓಡ್ತಿದೆ" ಅಂತ ಹೇಳಿಯೂ ಹೇಳಿದೆ.

ಆ ವಾರದಲ್ಲೇ ಒಂದು ಮಧ್ಯಾಹ್ನ ಆ ಸದ್ದು ನಿಂತಿತು. ಅದರ ಹಿಂದೆಯೇ ಉಳಿದ ಯಂತ್ರಗಳೂ ಒಂದೊಂದಾಗಿ ನಿಂತವು. ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಕೈಯಲ್ಲಿದ್ದ ಡಬ್ಬ ಬಿಸಾಕಿ ಹಳದಿ ಗೆರೆ ದಾಟಿ ಓಡಿದೆ. ನನ್ನ ತಮ್ಮ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದ. ಅಳುತ್ತಿರಲಿಲ್ಲ, ಯಾವುದೋ ಲೆಕ್ಕ ತಪ್ಪಿದವನಂತೆ ಕೈಯನ್ನೇ ನೋಡುತ್ತಿದ್ದ. ಮೇಸ್ತ್ರಿ ನನಗಿಂತ ಮುಂಚೆ ತಲುಪಿದ್ದ. ಆದರೆ ಅವನು ಬಗ್ಗಿದ್ದು ನನ್ನ ತಮ್ಮನ ಕಡೆಗಲ್ಲ, ಯಂತ್ರದ ಕಡೆಗೆ. ಬಲಗುಂಡಿಯಿಂದ ಏನನ್ನೋ ಕಿತ್ತು ಜೇಬಿಗೆ ಹಾಕಿಕೊಂಡ. ಬಟ್ಟೆ ತನ್ನಿ ಅಂತ ಕೂಗಿದ್ದು ಅದಾದ ಮೇಲೆ. ನಾನು ನನ್ನ ದುಪಟ್ಟಾದಿಂದ ತಮ್ಮನ ಕೈ ಸುತ್ತಿದೆ. ತೋರುಬೆರಳು, ನಡುಬೆರಳು, ಉಂಗುರದ ಬೆರಳು ಅಲ್ಲಿರಲಿಲ್ಲ.

ಆಸ್ಪತ್ರೆಯಲ್ಲಿ ಗಾಯ ಹೊಲಿದರು. ಇನ್ನೊಂದು ಆಪರೇಷನ್ ಆಗಬೇಕು, ಅದು ಆದರೆ ಹೆಬ್ಬೆರಳೂ ಕಿರುಬೆರಳೂ ಒಂದಕ್ಕೊಂದು ಮುಟ್ಟುತ್ತವೆ, ಚಮಚವೋ ಬೀಗದ ಕೈಯೋ ಹಿಡಿಯಬಹುದು ಅಂದರು. ತಡ ಮಾಡಿದರೆ ನರ ಬಿಗಿದು ಕೈ ಹಲಗೆಯ ಹಾಗಾಗುತ್ತದೆ. ಆದರೆ ಕೆಲಸದ ಜಾಗದಲ್ಲಿ ಆದ ಗಾಯ ಅಂತ ಕಾರ್ಖಾನೆ ಒಪ್ಪಿಕೊಂಡರೆ ಮಾತ್ರ ಅದನ್ನು ದುಡ್ಡಿಲ್ಲದೆ ಮಾಡುತ್ತಾರೆ. ಹೊರಗಿನಿಂದ ಬಂದ ನಮ್ಮಂಥವರಿಗೆ ಅಲ್ಲಿ ಬೇರೆ ದಾರಿ ಇರಲಿಲ್ಲ.

ಮೇಸ್ತ್ರಿ ರೂಮಿಗೆ ಬಂದು ನಮ್ಮ ಮಂಚದ ಮೇಲೆ ಕೂತ. ಚಹಾ ಕೊಟ್ಟೆ, ಮುಟ್ಟಲಿಲ್ಲ.

"ವಿಚಾರಣೆಗೆ ಸರ್ಕಾರದ ಆಫೀಸರು ಬರ್ತಾರೆ. ಎರಡು ಕೈ ಇಟ್ಟರೆ ಮಾತ್ರ ಇಳಿಯೋ ಮಷೀನು, ಅದರೊಳಗೆ ಕೈ ಹೇಗೆ ಹೋಯ್ತು ಅಂತ ಕೇಳ್ತಾರೆ. ಬೆಣೆ ಇತ್ತು ಅಂದ್ರೆ, ಬೆಣೆ ಯಾರು ಮಾಡಿದ್ದು ಅಂತ ಕೇಳ್ತಾರೆ" ಅಂದು ನನ್ನ ಗಂಡನ ಮುಖ ನೋಡಿದ. ನನ್ನ ಗಂಡ ನೆಲ ನೋಡಿದರು. "ಅದಕ್ಕೆ, ಮನೆ ಕೆಳಗಿನ ಕಬ್ಬಿಣದ ಗೇಟಿಗೆ ಸಿಕ್ಕಿ ಹೋಯ್ತು ಅಂತ ಹೇಳಿಬಿಡಿ. ಇವನಿಗೆ ಗಾಯ ಮಾಗಿದ ಮೇಲೆ ವಾಚ್‌ಮನ್ ಕೆಲಸ ನಾನು ಕೊಡಿಸ್ತೀನಿ. ನಿಮ್ಮಿಬ್ಬರ ಕೆಲಸಾನೂ ಉಳಿಯುತ್ತೆ."

"ಆ ಗೇಟು ಒಂದೇ ಕೀಲಿನ ಮೇಲೆ ನೇತಾಡ್ತಿದೆ" ಅಂದೆ ನಾನು. "ನಾವು ಬಂದಾಗಿನಿಂದ ಅದು ಮುಚ್ಚಿದ್ದನ್ನ ಯಾರೂ ನೋಡಿಲ್ಲ. ಅದು ಯಾರ ಬೆರಳು ಕತ್ತರಿಸುತ್ತೆ, ಮೇಸ್ತ್ರಿ?"

ಪರದೆಯಾಚೆ ಮಲಗಿದ್ದ ತಮ್ಮ ಅಲ್ಲಿಂದಲೇ ಹೇಳಿದ: "ಗೇಟು ಅಂತೀನಿ ಬಿಡು ಅಕ್ಕ. ಬೆರಳು ಹೇಗೂ ಹೋಗಿದೆ. ಅದರ ಜೊತೆಗೆ ಭಾವನ ಕೆಲಸಾನೂ ಯಾಕೆ ಹೋಗಬೇಕು?"

ಅತ್ತ ದರಿ ಇತ್ತ ಪುಲಿ ಅನ್ನುವ ಗಾದೆಯನ್ನು ಎಷ್ಟು ಸಲ ಹೇಳಿದ್ದೆನೋ, ಅದರೊಳಗೆ ನಿಂತಿದ್ದು ಅವತ್ತೇ. ಒಂದು ಕಡೆ ಒಡಹುಟ್ಟಿದವನ ಕೈ, ಇನ್ನೊಂದು ಕಡೆ ಕಟ್ಟಿಕೊಂಡವರ ಕೆಲಸ. ಮೇಸ್ತ್ರಿ ಹೋದ ಮೇಲೆ ನಾನು ಗಂಡನ ಮೇಲೆ ಹರಿಹಾಯ್ದೆ. ಮನಸ್ಸಿನಲ್ಲಿದ್ದದ್ದೆಲ್ಲ ಹೊರಗೆ ಬಂತು. ನಿಮ್ಮ ಕೈ ಯಾವತ್ತಾದರೂ ಸುಮ್ಮನಿತ್ತಾ, ಊರಿನವರೆಲ್ಲರ ಗುಂಡಿಗೆ ನೀವೇ ಬೆಣೆ ಹೊಡೆಯಬೇಕಾಗಿತ್ತಾ ಅಂತೆಲ್ಲ ಅಂದೆ. ಅವರು ಅವತ್ತಿನಿಂದ ಮಾತೇ ಬಿಟ್ಟರು. ಕೆಲಸಕ್ಕೆ ಹೋಗುವರು, ಬರುವರು, ತಮ್ಮನ ಬ್ಯಾಂಡೇಜಿಗೆ ನೀರು ತಾಗದಂತೆ ಪ್ಲಾಸ್ಟಿಕ್ ಕಟ್ಟಿ ಸ್ನಾನ ಮಾಡಿಸುವರು, ಮಲಗುವರು.

ಅದರ ನಡುವೆ ಒಂದು ದಿನ ನಾನು ಅಂಗಡಿಯಿಂದ ಬಂದಾಗ ಕಿಟಕಿಯ ಕೆಳಗೆ ಮತ್ತೆ ಚಾಕು ಹಿಡಿದು ಕೂತಿದ್ದರು. ಕಪ್ಪು ಬಣ್ಣದ ಗಟ್ಟಿ ಮರ, ಯಾವುದೋ ಒಳ್ಳೆಯ ಪೆಟ್ಟಿಗೆಯದು. ಹಿಂದೆಯೂ ಒಂದು ಸಂಜೆ ಅದೇ ಮರವನ್ನು ಬಹಳ ಹೊತ್ತು ಕೆರೆದು, ಸಿಮೆಂಟಿನ ನೆಲಕ್ಕೆ ಉಜ್ಜಿ ನಯ ಮಾಡಿದ್ದು ನನಗೆ ನೆನಪಿತ್ತು. ಆಗ ಕಿಟಕಿಗೆ ಇರಬೇಕು ಅಂದುಕೊಂಡಿದ್ದೆ.

"ಇನ್ನೂ ಬುದ್ಧಿ ಬಂದಿಲ್ವಾ ನಿಮಗೆ?" ಅಂದೆ. "ಕೆಟ್ಟ ಮೇಲಾದರೂ ಬುದ್ಧಿ ಬರುತ್ತೆ ಅಂತಾರೆ. ನಿಮಗೆ ಕೆಟ್ಟ ಮೇಲೂ ಬರಲಿಲ್ಲ."

ಅವರು ಬೆಣೆಯನ್ನು ಬೆಳಕಿಗೆ ಹಿಡಿದು ನೋಡಿ ಜೇಬಿಗೆ ಹಾಕಿಕೊಂಡರು.

ವಿಚಾರಣೆಗೆ ಬಂದ ಆಫೀಸರು ಹೆಂಗಸು. ಕನ್ನಡಕ, ಚಪ್ಪಟೆ ಶೂ, ಕೈಯಲ್ಲಿ ಫೈಲು. ತಮ್ಮನನ್ನೂ ಅವನ ಕಡೆಯವಳು ಅಂತ ನನ್ನನ್ನೂ ಯಂತ್ರದ ಹತ್ತಿರ ಕರೆಸಿದರು. ಯಂತ್ರಗಳನ್ನೆಲ್ಲ ನಿಲ್ಲಿಸಿದ್ದರು, ಗಂಡಸರು ತಮ್ಮ ತಮ್ಮ ಜಾಗದಲ್ಲೇ ನಿಂತಿದ್ದರು. ಯಾವ ಗುಂಡಿಯಲ್ಲೂ ಬೆಣೆ ಇರಲಿಲ್ಲ. ನಮ್ಮ ಮಾತನ್ನು ಅವರಿಗೆ, ಅವರ ಮಾತನ್ನು ನಮಗೆ ತಿಳಿಸುವವನು ಮತ್ಯಾರು, ಮೇಸ್ತ್ರಿ. ಬೇಲಿಯೇ ಎದ್ದು ಹೊಲ ಮೇಯುವುದು ಗೊತ್ತಿತ್ತು. ಆ ಬೇಲಿಯೇ ಸಾಕ್ಷಿಯನ್ನೂ ಹೇಳುತ್ತದೆ ಅಂತ ಗೊತ್ತಿರಲಿಲ್ಲ.

ಮೇಸ್ತ್ರಿ ಮೊದಲು ಯಂತ್ರ ತೋರಿಸಿದ. ಎರಡೂ ಗುಂಡಿ ಒತ್ತಿದ, ಅಚ್ಚು ಧಡ್ ಅಂತ ಇಳಿಯಿತು. ಒಂದೇ ಒತ್ತಿದ, ಇಳಿಯಲಿಲ್ಲ. ಆಫೀಸರಮ್ಮ ತಲೆಯಾಡಿಸಿದರು. ಆಮೇಲೆ ತಮ್ಮನನ್ನು ಕೇಳಿದರು. ಅವನು ನನ್ನ ಮುಖ ನೋಡದೆ, "ಮನೆ ಗೇಟಿಗೆ ಸಿಕ್ಕಿತು" ಅಂದ.

ನನ್ನ ಸರದಿ ಬಂತು. ನಾನು ಹೇಳಿದೆ. ಗೇಟು ಮುಚ್ಚುವುದಿಲ್ಲ ಅಂತ ಹೇಳಿದೆ, ನಿಂತ ಜಾಗ ತೋರಿಸಿ ಇಲ್ಲೇ ಇವನ ಕೈ ಕಟ್ಟಿದೆ ಅಂತ ಹೇಳಿದೆ, ರಕ್ತ ತೊಳೆದವಳು ನಮ್ಮ ಪ್ಯಾಕಿಂಗಿನವಳೇ, ಅವಳನ್ನು ಕೇಳಿ ಅಂದೆ. ಗಂಡನ ಬೆಣೆಯ ಮಾತು ಮಾತ್ರ ನಾಲಿಗೆಯ ತುದಿಯವರೆಗೆ ಬಂದು ನಿಂತುಬಿಟ್ಟಿತು. ಮೇಸ್ತ್ರಿ ಗಂಭೀರವಾಗಿ ಎಲ್ಲ ಕೇಳಿಸಿಕೊಂಡು ಆಫೀಸರಮ್ಮನ ಕಡೆ ತಿರುಗಿದ. ನನ್ನ ಅಷ್ಟುದ್ದದ ಮಾತು ಅವನ ಬಾಯಲ್ಲಿ ಗೇಣುದ್ದ ಆಯಿತು. ಆಕೆ ಪೆನ್ನನ್ನೂ ಎತ್ತಲಿಲ್ಲ. ಭಾಷೆ ಬಾರದವಳ ಸಿಟ್ಟು ಯಾರಿಗೆ ಬೇಕು? ನನಗೆ ಅಳು ಬಂತು, ಅದಕ್ಕೇನೂ ಭಾಷೆ ಬೇಕಾಗಿರಲಿಲ್ಲ. ಆದರೆ ಅಳುವ ಹೆಂಗಸರನ್ನು ಆಕೆ ಬೇಕಾದಷ್ಟು ನೋಡಿರಬೇಕು, ಫೈಲು ಮುಚ್ಚತೊಡಗಿದರು.

ಆಗ ನನ್ನ ಗಂಡ ತಮ್ಮ ಯಂತ್ರ ಬಿಟ್ಟು ಬಂದರು. ಜೇಬಿನಿಂದ ಆ ಕಪ್ಪು ಬೆಣೆ ತೆಗೆದರು. ಬಲಗುಂಡಿ ಒತ್ತಿ ಅದರ ಸಂದಿಗೆ ಕೂರಿಸಿ ಹೆಬ್ಬೆರಳಿಂದ ಒಂದು ಸಲ ಅದುಮಿದರು. ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಎಡಗೈಯಲ್ಲಿ ಎಡಗುಂಡಿ ಒತ್ತಿದರು. ಅಚ್ಚು ಧಡ್ ಅಂತ ಇಳಿಯಿತು. ಇನ್ನೊಂದು ಸಲ ಒತ್ತಿದರು, ಇನ್ನೊಂದು ಸಲ ಇಳಿಯಿತು. ಆಮೇಲೆ ಬೆನ್ನ ಹಿಂದಿದ್ದ ಬಲಗೈಯನ್ನು ತಂದು, ಅಚ್ಚಿನ ಮುಂದೆ, ತಗಡು ಇಡುವ ಜಾಗದ ಹತ್ತಿರ ಅಂಗೈ ಬಿಡಿಸಿ ಹಿಡಿದು ಆಫೀಸರಮ್ಮನನ್ನು ನೋಡಿದರು. ಆಕೆ ಒಂದು ಹೆಜ್ಜೆ ಹಿಂದೆ ಸರಿದರು. ಇದನ್ನು ತಿಳಿಸಲು ಮೇಸ್ತ್ರಿ ಬೇಕಾಗಿರಲಿಲ್ಲ.

ಆಕೆ ಬೆಣೆಯ ಕಡೆ ಬೆರಳು ತೋರಿಸಿ ಏನೋ ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಮೇಸ್ತ್ರಿಯ ಕೈ ಅವನ ಜೇಬಿಗೆ ಹೋಯಿತು.

"ಇದು ಯಾರದು ಅಂತ ಕೇಳ್ತಿದ್ದಾರೆ" ಅಂದ. ದನಿ ಇಳಿದಿತ್ತು. "ಬೆಣೆ, ಯೋಚನೆ ಮಾಡಿ ಹೇಳು."

"ನಾನೇ ಕೆತ್ತಿದ್ದು ಅಂತ ಹೇಳಿ" ಅಂದರು ನನ್ನ ಗಂಡ. ಎಷ್ಟೋ ದಿನದ ಮೇಲೆ ಅವರ ದನಿ ಕೇಳುತ್ತಿದ್ದೆ. "ಇವನು ಬೇಡ ಅಂದಿದ್ದ. ಎರಡು ಕೈಯಲ್ಲೇ ಮಾಡ್ತೀನಿ ಭಾವ, ನಿಧಾನ ಆದರೂ ಪರವಾಗಿಲ್ಲ ಅಂದಿದ್ದ. ನಾನೇ ಬೈದು, ಇವನ ಮಷೀನಿಗೆ ನನ್ನ ಕೈಯಾರೆ ಹಾಕಿಕೊಟ್ಟೆ. ಹಾಗೇನೇ ಹೇಳಿ. ಇಲ್ಲಿರೋ ಎಲ್ಲ ಮಷೀನಿಗೂ ಮಾಡಿಕೊಟ್ಟಿದ್ದೀನಿ. ನೀವು ದಿನಾ ನೋಡಿದ್ದೀರಿ. ಅದನ್ನೂ ಹೇಳಿ."

ಆಮೆಯನ್ನು ಓಡಿಸಿದವರು ಯಾರು ಅಂತ ನನಗೆ ಆಗ ತಿಳಿಯಿತು. ಆ ಸಂಜೆ ಅಷ್ಟು ಪ್ರೀತಿಯಿಂದ ನೆಲಕ್ಕೆ ಉಜ್ಜಿ ನಯ ಮಾಡಿದ್ದು ಕಿಟಕಿಗಲ್ಲ. ನನ್ನ ತಮ್ಮ ಎಡಗೈಯಿಂದ ಅವರ ಅಂಗಿ ಹಿಡಿದು ಜಗ್ಗುತ್ತಾ, "ಭಾವ, ಸಾಕು, ನಾನೇ ಕೇಳಿ ಇಸ್ಕೊಂಡೆ ಅಂತ ಹೇಳಿ" ಅನ್ನುತ್ತಿದ್ದ.

ಆಫೀಸರಮ್ಮ ಕಾಯುತ್ತಿದ್ದರು. ಆಮೇಲೆ ಮೇಸ್ತ್ರಿ ಮಾತಾಡತೊಡಗಿದ. ಏನು ಹೇಳಿದ ಅಂತ ನನಗೆ ಹೇಗೆ ತಿಳಿಯಬೇಕು? ನಾನು ಮಾತಿನ ಉದ್ದ ನೋಡುತ್ತಿದ್ದೆ. ನನ್ನ ಗಂಡ ಎಷ್ಟು ಹೊತ್ತು ಮಾತಾಡಿದ್ದರೋ ಅವನೂ ಅಷ್ಟೇ ಹೊತ್ತು ಮಾತಾಡಿದ. ಅದಕ್ಕಿಂತ ಸ್ವಲ್ಪ ಹೆಚ್ಚೇ. ಕೊನೆಗೆ ಬಲಗೈಯನ್ನು ಜೇಬಿನಿಂದ ತೆಗೆದ. ಅವತ್ತು ಕಿತ್ತುಕೊಂಡ ಬೆಣೆ ಅದರಲ್ಲಿತ್ತು. ಇಷ್ಟು ದಿನವೂ ಅದನ್ನು ಎಸೆಯಲಾಗದೆ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ. ಹೊಸ ಬೆಣೆಯ ಪಕ್ಕದಲ್ಲಿ ಇಟ್ಟ. ಎರಡೂ ಒಂದೇ ಅಳತೆ, ಒಂದೇ ಮರ, ಒಂದಕ್ಕೆ ಮಾತ್ರ ಕಲೆ ಹಿಡಿದಿತ್ತು. ಆಫೀಸರಮ್ಮ ಅವನ ಅರ್ಧ ಬೆರಳನ್ನು ನೋಡಿ ಇನ್ನೇನೋ ಕೇಳಿದರು. ಅದನ್ನು ಅವನು ನಮಗೆ ತಿಳಿಸಲಿಲ್ಲ. ತಲೆ ತಗ್ಗಿಸಿಕೊಂಡು, ಮೂಲೆಯಲ್ಲಿದ್ದ ಇನ್ನೊಂದು ಯಂತ್ರದ ಕಡೆ ಕೈ ತೋರಿಸಿದ.

ಆಪರೇಷನ್ ಆಯಿತು. ತಮ್ಮನ ಹೆಬ್ಬೆರಳೂ ಕಿರುಬೆರಳೂ ಈಗ ಮುಟ್ಟುತ್ತವೆ. ನನ್ನ ಗಂಡನಿಗೆ ಮರುದಿನವೇ ಬರಬೇಡ ಅಂದರು. ಮೇಸ್ತ್ರಿಯನ್ನು ಗೋದಾಮಿನಲ್ಲಿ ಮೂಟೆ ಇಳಿಸುವುದಕ್ಕೆ ಹಾಕಿ ಬೇರೆಯವನನ್ನು ತಂದರು. ನನ್ನನ್ನು ಮಾತ್ರ ಕೆಲಸದಲ್ಲಿ ಉಳಿಸಿದರು. ಗಾಯಾಳುವಿನ ಅಕ್ಕನನ್ನೂ ತೆಗೆದರೆ ಆಫೀಸರಮ್ಮನ ಫೈಲು ದಪ್ಪವಾಗುತ್ತದೆ ಅಂತ ಹೆದರಿದ್ದರೋ ಏನೋ.

ಗಂಡನ ಜೊತೆ ನಾನು ಬಹಳ ದಿನ ಮಾತಾಡಲಿಲ್ಲ. ತಟ್ಟೆ ಮುಂದಿಟ್ಟು ಹೋಗುತ್ತಿದ್ದೆ. ಅವರು ನಿಜ ಹೇಳಿದ್ದಕ್ಕೆ ಹೆಮ್ಮೆಯಿತ್ತು, ಆ ನಿಜ ಅಂಥದ್ದಾಗಿತ್ತಲ್ಲ ಅಂತ ಹೊಟ್ಟೆ ಉರಿಯುತ್ತಿತ್ತು. ಎರಡೂ ಒಂದೇ ಎದೆಯಲ್ಲಿದ್ದರೆ ಹೆಂಗಸು ಏನು ಮಾಡಬೇಕು? ಈಗ ಅವರು ಪೆಟ್ಟಿಗೆ ಮಾಡುವ ಒಂದು ಸಣ್ಣ ಮರದ ಅಂಗಡಿಗೆ ಹೋಗುತ್ತಾರೆ. ಮನೆಗೆ ಬಂದು ಚಾಕು ಮುಟ್ಟುವುದಿಲ್ಲ. ಒಂದು ಸಲ ಮಾತ್ರ ತಮ್ಮನ ಹತ್ತಿರ ಹೋಗಿ, "ಚಮಚಕ್ಕೆ ದಪ್ಪ ಹಿಡಿ ಮಾಡಿಕೊಡ್ಲಾ, ಹಿಡಿಯೋಕೆ ಸುಲಭ ಆಗುತ್ತೆ" ಅಂತ ಕೇಳಿದರು.

"ಬೇಡ ಭಾವ" ಅಂದ ತಮ್ಮ. "ನನ್ನ ಕೈಗೆ ನೀವು ಮಾಡಿಕೊಟ್ಟಿದ್ದು ಒಂದೇ ಸಾಕು."

ಅಂದವನೇ ನಕ್ಕ. ಅವರೂ ನಕ್ಕರು. ನಗುತ್ತಾ ನಗುತ್ತಾ ನನ್ನ ಗಂಡ ಅತ್ತುಬಿಟ್ಟರು. ನಾನು ಪರದೆ ಎಳೆದು ಇಬ್ಬರನ್ನೂ ಅವರಷ್ಟಕ್ಕೆ ಬಿಟ್ಟೆ. ಕೊನೆಗೆ ತಮ್ಮ ಆ ಚಮಚಕ್ಕೆ ಹಿಡಿ ಮಾಡಿಸಿಕೊಂಡ ಅನ್ನುವುದನ್ನೂ ಹೇಳಬೇಕು.

ಕಾರ್ಖಾನೆಯಲ್ಲಿ ಸದ್ದು ಬದಲಾಯಿತು. ಗೋಡೆಯಾಚೆ ಎಲ್ಲ ಯಂತ್ರಗಳೂ ಧಡ್ ಅಂದು, ಯೋಚನೆ ಮಾಡಿ, ಮತ್ತೆ ಧಡ್ ಅನ್ನುತ್ತಿದ್ದವು. ಎಲ್ಲರೂ ಆಮೆಗಳಾಗಿದ್ದರು. ಟಾರ್ಗೆಟ್ ಬೋರ್ಡು ಮಾತ್ರ ಇದ್ದಲ್ಲೇ ಇತ್ತು, ಅದರ ಸಂಖ್ಯೆಯೂ. ನಾನು ಕೀಲು ಒರೆಸುತ್ತಾ ಕಿವಿ ಅಲ್ಲೇ ಇಟ್ಟಿರುತ್ತಿದ್ದೆ.

ಮೊನ್ನೆ ಒಂದು ಯಂತ್ರ ಓಡತೊಡಗಿತು.

ಡಬ್ಬ ಕೆಳಗಿಟ್ಟು ಎದ್ದೆ. ಹಳದಿ ಗೆರೆ ದಾಟಿದೆ. ಹೊಸ ಮೇಸ್ತ್ರಿ ನನ್ನನ್ನು ನೋಡಿ ಬೈದು ಕೂಗಿದ, ಅಷ್ಟು ಭಾಷೆ ನನಗೆ ಬರುತ್ತಿತ್ತು. ಓಡುತ್ತಿದ್ದದ್ದು ತಮ್ಮನ ಯಂತ್ರ. ಅಲ್ಲಿ ಹೊಸಬನೊಬ್ಬ ನಿಂತಿದ್ದ, ಕಿವಿಯ ಹತ್ತಿರ ಕೂದಲು ನರೆತವನು, ನಮ್ಮಂತೆಯೇ ಎಲ್ಲಿಂದಲೋ ಬಂದವನು. ಬಲಗುಂಡಿಗೆ ಬಾಟಲಿಯ ಮುಚ್ಚಳ ಮಡಚಿ ತುರುಕಿದ್ದ. ಒರಟು ಕೆಲಸ, ನನ್ನ ಗಂಡ ನೋಡಿದ್ದರೆ ನೊಂದುಕೊಳ್ಳುತ್ತಿದ್ದರು. ನಾನು ಅದನ್ನು ಕಿತ್ತು ನನ್ನ ಏಪ್ರನ್ನಿನ ಜೇಬಿಗೆ ಹಾಕಿಕೊಂಡೆ.

"ಅಕ್ಕಾ, ಅದಿಲ್ದೆ ಟಾರ್ಗೆಟ್ ಆಗಲ್ಲ" ಅಂದ ಅವನು. ನಮ್ಮ ಭಾಷೆಯವನೇ.

"ಆಗಲ್ಲ" ಅಂದೆ. "ಎರಡು ಕೈ ಇಡು."

ಅವನು ನನ್ನನ್ನೂ ಮೇಸ್ತ್ರಿಯನ್ನೂ ನೋಡಿದ. ಮೇಸ್ತ್ರಿ ನಮ್ಮ ಕಡೆಗೇ ಬರುತ್ತಿದ್ದ. ಇವತ್ತು ನನ್ನ ಕೆಲಸವೂ ಹೋಗುತ್ತದೆ, ಮನೆಯಲ್ಲಿ ಏನು ಹೇಳಲಿ ಅಂತ ಒಂದು ಗಳಿಗೆ ಅನ್ನಿಸಿತು. ಆದರೂ ನಾನು ಅಲ್ಲಿಂದ ಕದಲಲಿಲ್ಲ. ಹೊಸಬ ತಗಡು ಇಟ್ಟ, ಬಲಗೈಯನ್ನು ನಿಧಾನವಾಗಿ ಹಿಂದಕ್ಕೆ ತಂದ, ಒಂದು ಕೈ ಎಡಗುಂಡಿಯ ಮೇಲೆ, ಒಂದು ಕೈ ಬಲಗುಂಡಿಯ ಮೇಲೆ ಇಟ್ಟ. ನಾನು ಅವನ ಹತ್ತೂ ಬೆರಳು ನೋಡಿದೆ.

"ಈಗ ಒತ್ತು" ಅಂದೆ.